ಆರನೆಯ ಖಾನೆ

ಜಯತೀರ್ಥ: ಎಡಗಡಿಂದ್ರಿ ಮೌಲ್ವಿ ಸಾಬ್ರ, ಎಡಗಡಿಂದ! ಇಡೀ ಲೋಕ ಎಡಗಡಿಂದ ಎಣಸ್ತದ!

ಇಮಾಮುದ್ದೀನ್: ಯಾವ ಲೋಕ ಮಾಸ್ತರ್? ನಿಮ್ಮ ಕಲಬುರಗಿ ಬ್ರಹ್ಮಪುರದ ಓಣಿಗೆ ಇಡೀ ಲೋಕ ಅಂತಾರೇನು? ಬಲಗಡಿಂದ ಎಣಸ್ರಿ. ಸರ್ಕಾರಿ ನಕಾಶಿ, ಸರ್ಕಾರಿ ಲೆಕ್ಕ.

ಜಯತೀರ್ಥ: ಸರ್ಕಾರ ನಿಮ್ಮ ಕಿವ್ಯಾಗ ಬಂದು ಹೇಳ್ಯದೇನು, ಬಲಗಡಿಂದ ಅಂತ?

ಇಮಾಮುದ್ದೀನ್: ನಿಮ್ಮ ಕಿವ್ಯಾಗ ಹೇಳ್ಯದೇನು, ಎಡಗಡಿಂದ ಅಂತ?

ಕಮಲಾಪುರದ ಸರ್ಕಾರಿ ಶಾಲೆಗೆ ಇದ್ದದ್ದು ಒಂದೇ ಕೋಣೆ. ಬೆಳಗಿನ ಗಂಟೆ ಬಾರಿಸುವ ಮೊದಲೇ ಆ ಕೋಣೆಯಲ್ಲಿ ಇಬ್ಬರು ಮಾಸ್ತರರು ಗೋಡೆಯ ಮೇಲಿನ ನಕಾಶೆಯ ಮುಂದೆ ನಿಂತು ಹೀಗೆ ಗಂಟಲು ಹರಿದುಕೊಳ್ಳುತ್ತಿದ್ದರು. ನಿಜಾಮರ ರಾಜ್ಯವೆಲ್ಲ ಆ ನಕಾಶೆಯಲ್ಲಿತ್ತು. ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆದು ಅದನ್ನು ಖಾನೆ ಖಾನೆ ಮಾಡಿದ್ದರು. ಎಡದಿಂದ ಬಲಕ್ಕೆ ಎಂಟು ಖಾನೆ. ಬಲದಿಂದ ಎಡಕ್ಕೂ ಎಂಟೇ; ಅಷ್ಟರಮಟ್ಟಿಗೆ ಇಬ್ಬರೂ ಒಪ್ಪುತ್ತಿದ್ದರು.

ಹಿಂದೆಲ್ಲ ಹುಡುಗರು ಛಡಿಯಿಂದ ಊರನ್ನು ಮುಟ್ಟಿ ತೋರಿಸುವುದು ರೂಢಿಯಾಗಿತ್ತು. ಮುಟ್ಟಿ ಮುಟ್ಟಿ ಬೀದರಿಗೆ ತೂತು ಬಿದ್ದು ಹಿಂದಿನ ಗೋಡೆ ಕಾಣತೊಡಗಿದ ಮೇಲೆ ಹೈದರಾಬಾದಿನಿಂದ ಹೊಸ ಹುಕುಂ ಬಂತು. ನಕಾಶೆ ಸರ್ಕಾರಿ ಮಾಲು, ಇನ್ನು ಮೇಲೆ ಯಾರೂ ಅದನ್ನು ಮುಟ್ಟತಕ್ಕದ್ದಲ್ಲ. ಹುಡುಗನಾದವನು ದೂರ ನಿಂತು, ಊರು ಎಷ್ಟನೆಯ ಖಾನೆ, ಮೇಲಿನಿಂದ ಎಷ್ಟನೆಯ ಸಾಲು ಎಂದು ಬಾಯಲ್ಲಿ ಹೇಳಬೇಕು. ಹೇಳಲು ಬಾರದ ಹುಡುಗ ನಪಾಸು; ಹೇಳಿಕೊಡಲು ಬಾರದ ಮಾಸ್ತರ ಮನೆಗೆ. ಹುಕುಮೇನೋ ಬಹಳ ಚೆನ್ನಾಗಿತ್ತು. ಖಾನೆಗಳ ಅಂಕಿ ಬರೆದಿದ್ದ ನಕಾಶೆಯ ಅಂಚನ್ನು ಮಾತ್ರ ಅದು ಬರುವ ಮೊದಲೇ ಗೆದ್ದಲು ತಿಂದು ಮುಗಿಸಿತ್ತು.

ಮೇಲೆ ಯಾವುದು, ಕೆಳಗೆ ಯಾವುದು ಎಂಬುದರಲ್ಲಿ ಜಗಳವಿರಲಿಲ್ಲ. ಜಗಳವೆಲ್ಲ ಮೊದಲನೆಯ ಖಾನೆ ಯಾವ ಕಡೆಯದು ಎಂಬುದರಲ್ಲಿ. ಬೆಳಗಿನ ಪಾಠ ಜಯತೀರ್ಥ ಮಾಸ್ತರರದು. ಅವರ ಲೆಕ್ಕಕ್ಕೆ ಕಲಬುರಗಿ ಮೂರನೆಯ ಖಾನೆ. ಮಧ್ಯಾಹ್ನದ ಪಾಠ ಇಮಾಮುದ್ದೀನ್ ಮೌಲ್ವಿಯವರದು. ಅವರ ಲೆಕ್ಕಕ್ಕೆ ಆರನೆಯದು. ಹೀಗಾಗಿ ಕಮಲಾಪುರದ ಹುಡುಗರ ಪಾಲಿಗೆ ಕಲಬುರಗಿ ಬೆಳಿಗ್ಗೆ ಮೂರನೆಯ ಖಾನೆಯಲ್ಲಿದ್ದು, ಊಟವಾದ ಮೇಲೆ ಎದ್ದು ಆರನೆಯದಕ್ಕೆ ಹೋಗಿ ಮಲಗುತ್ತಿತ್ತು. ಇಷ್ಟು ವರ್ಷ ಇದು ಹೇಗೋ ನಡೆದಿತ್ತು. ಇವತ್ತು ನಡೆಯುವಂತಿರಲಿಲ್ಲ, ಯಾಕೆಂದರೆ ಇವತ್ತು ಹೈದರಾಬಾದಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬರುವವರಿದ್ದರು.

ಇಮಾಮುದ್ದೀನ್: ಸಮಾಧಾನದಿಂದ ಮಾತಾಡೋಣ. ಈ ನಕಾಶಿ ಮ್ಯಾಲ ಊರ ಹೆಸರು ಯಾವ ಅಕ್ಷರದಾಗ ಬರದಾರ?

ಜಯತೀರ್ಥ: ಉರ್ದು.

ಇಮಾಮುದ್ದೀನ್: ಉರ್ದು ಯಾವ ಕಡಿಂದ ಓದ್ತಾರ?

ಜಯತೀರ್ಥ: ಬಲಗಡಿಂದ.

ಇಮಾಮುದ್ದೀನ್: ಮತ್ತ? ಕತಿ ಮುಗೀತಲ್ಲ!

ಜಯತೀರ್ಥ: ಎಲ್ಲಿ ಮುಗೀತು? ನಿಮ್ಮ ಉರ್ದುದಾಗ ಹನ್ನೆರಡು ಅಂತ ಅಂಕಿ ಬರೀರಿ ನೋಡೋಣ. ಮೊದಲ ಒಂದು, ಅದರ ಬಲಕ್ಕ ಎರಡು. ಅಂಕಿ ಬಂತಂದ್ರ ನೀವೂ ಎಡಗಡಿಂದನೇ ಬರೀತೀರಿ!

ಮೌಲ್ವಿಯವರು ಗಾಳಿಯಲ್ಲಿ ಬೆರಳಾಡಿಸಿ ಹನ್ನೆರಡು ಬರೆದು ನೋಡಿದರು. ಮಾಸ್ತರನ ಮಾತು ನಿಜವಿತ್ತು. ನಿಜವಿದ್ದ ಮಾತ್ರಕ್ಕೆ ಒಪ್ಪುವ ಜಾಯಮಾನ ಅವರದಲ್ಲ.

ಇಮಾಮುದ್ದೀನ್: ಅದು ಅಂಕಿ. ಇದು ಖಾನಿ.

ಜಯತೀರ್ಥ: ಖಾನಿ ಅಂಕಿಲೇ ಎಣಸ್ತೀರೋ, ಅಲಿಫ್ ಬೇ ಅಂತ ಹಾಡಕೋತ ಎಣಸ್ತೀರೋ?

ಇಮಾಮುದ್ದೀನ್: ಅದಿರಲಿ. ನೀವು ಯಾವ ಕೈಲೆ ಉಣ್ತೀರಿ?

ಜಯತೀರ್ಥ: ಬಲಗೈಲೆ.

ಇಮಾಮುದ್ದೀನ್: ಹೊಸ ಮನ್ಯಾಗ ಯಾವ ಕಾಲು ಮೊದಲ ಇಡ್ತೀರಿ?

ಜಯತೀರ್ಥ: ಬಲಗಾಲು.

ಇಮಾಮುದ್ದೀನ್: ಛಲೋ ಕೆಲಸ ಎಲ್ಲಾ ಬಲಗಡಿಂದ, ನಕಾಶಿ ಒಂದು ಎಡಗಡಿಂದ! ನನ್ನ ಮಾತು ಬಿಡ್ರಿ, ನಿಮ್ಮ ಶಾಸ್ತ್ರನಾದ್ರೂ ಒಪ್ತದೇನು?

ಜಯತೀರ್ಥ: ಶಾಸ್ತ್ರ ನನಗ ಹೇಳಬ್ಯಾಡ್ರಿ. ಎಲಿ ಮ್ಯಾಲ ಉಪ್ಪು ಮೊದಲ ಯಾವ ಕಡೆ ಬಡಸ್ತಾರ? ಎಡಗಡೆ ಮೂಲ್ಯಾಗ! ಅಲ್ಲಿಂದ ಮುಂದ ಉಪ್ಪಿನಕಾಯಿ, ಚಟ್ನಿ, ಕೋಸಂಬ್ರಿ...

ಇಮಾಮುದ್ದೀನ್: ನಿಮಗ ಹಸಿವ್ಯಾಗ್ಯದ ಮಾಸ್ತರ್. ಅದು ನಕಾಶಿ ಜಗಳ ಅಲ್ಲ, ಹೊಟ್ಟಿ ಜಗಳ.

ಈ ಮಾತು ಜಯತೀರ್ಥ ಮಾಸ್ತರರಿಗೆ ಚುರುಕ್ಕೆಂದು ನಾಟಿತು. ಹೊಟ್ಟೆಯ ಜಗಳವೇ ಹೌದು. ಹೆಂಡತಿ ಸರಸ್ವತೀಬಾಯಿ ಕಲಬುರಗಿಯ ಬ್ರಹ್ಮಪುರದಲ್ಲಿ ತವರುಮನೆಯಲ್ಲಿದ್ದಳು. ಕಮಲಾಪುರಕ್ಕೆ ಬಾ ಎಂದು ಇವರು ಕರೆದಾಗಲೆಲ್ಲ ಅವಳದು ಒಂದೇ ಉತ್ತರ: "ಕಮಲಾಪುರ ಏನು ಕಾಶಿ ಏನ್ರಿ? ಇಲ್ಲೇ ಮಗ್ಗಲಾಗ ಅದ. ಐತವಾರಕ್ಕೊಮ್ಮೆ ನೀವೇ ಬಂದು ಹೋಗ್ತೀರಿ. ನಾ ಯಾಕ ಭಾಂಡಿ ಬುಟ್ಟಿ ಹೊತಗೊಂಡು ಬರ್ಲಿ?" ಹೀಗಾಗಿ ವಾರವೆಲ್ಲ ಮಾಸ್ತರರು ತಾವೇ ರೊಟ್ಟಿ ತಟ್ಟಿ, ತಾವೇ ಸುಟ್ಟು, ತಾವೇ ಬೈದುಕೊಂಡು ಉಣ್ಣುತ್ತಿದ್ದರು. ಮನೆಯಲ್ಲಿ ಒಂದು ಹೊತ್ತು ಮಾತಾಡಲೂ ಜನವಿಲ್ಲ. ಒಂಟಿತನಕ್ಕೆ ಅವರ ಜೀವ ರೋಸಿಹೋಗಿತ್ತು.

ಜಯತೀರ್ಥ: ನಗ್ರಿ, ನಗ್ರಿ. ಕಲಬುರಗ್ಯಾಗ ಒಂದು ಜಾಗಾ ಖಾಲಿ ಅದ. ಇವತ್ತ ಸಾಹೇಬ್ರು ಮನಸ್ಸು ಮಾಡಿದ್ರ ನಾ ಹೆಂಡ್ತಿ ಕೈ ಅಡಿಗಿ ಉಣ್ತೀನಿ. ಇಲ್ಲಂದ್ರ ಇಲ್ಲೇ ಸುಟ್ಟ ರೊಟ್ಟಿ ತಿಂದು ಸಾಯ್ತೀನಿ.

ಇಮಾಮುದ್ದೀನ್: ನಿಮ್ಮ ರೊಟ್ಟಿ ಬಗ್ಗೆ ಮಾತಾಡಬ್ಯಾಡ್ರಿ. ನಿನ್ನೆ ಒಂದು ಕಾಗಿ ಒಯ್ದು, ಹೊಳ್ಳಿ ತಂದು ಇಟ್ಟು ಹೋತು. ನನ್ನ ಸಂಕಟ ಕೇಳ್ರಿ. ಖಮ್ಮಂಮೆಟ್ಟಿನಾಗೂ ಒಂದು ಜಾಗಾ ಖಾಲಿ ಅದ. ನನ್ನ ಮಗಳನ್ನ ಅಲ್ಲೇ ಕೊಟ್ಟೀನಿ. ದಿನ ತುಂಬ್ಯಾವ, ಇವತ್ತೋ ನಾಳೇನೋ ಹಡೀತಾಳ. ತಾಯಿ ಇಲ್ಲದ ಮಗಳು. ನಾ ನೋಡಿದ್ರ ಇಲ್ಲಿ ಕೂತು ನಿಮ್ಮ ಮಾರಿ ನೋಡ್ಲಕತ್ತೀನಿ.

ಜಯತೀರ್ಥ: ಖಮ್ಮಂಮೆಟ್ಟು! ಯಪ್ಪಾ, ಆ ತೆಲುಗು ಸೀಮಿ ತುದಿಗಾ? ಕೈಕಾಲು ಕಟ್ಟಿ ಒಯ್ದ್ರೂ ನಾ ಅಲ್ಲಿಗೆ ಹೋಗಾಂವ ಅಲ್ಲ.

ಇಮಾಮುದ್ದೀನ್: ನಕಾಶಿ ಮ್ಯಾಲ ನೋಡ್ರಿ, ಎರಡೂ ಒಂದೇ ಸಾಲು. ಐದನೇದು. ಈ ಕಡೆ ನಿಮ್ಮ ಕಲಬುರಗಿ, ಆ ಕಡೆ ನನ್ನ ಖಮ್ಮಂಮೆಟ್ಟು, ಎದುರಾಬದುರು ಮನಿ ಇದ್ದಂಗ ಅವ. ನನ್ನ ಲೆಕ್ಕಕ್ಕ ಕಲಬುರಗಿ ಆರು, ಖಮ್ಮಂಮೆಟ್ಟು ಮೂರು. ನಿಮ್ಮ ಲೆಕ್ಕಕ್ಕ ಕಲಬುರಗಿ ಮೂರು, ಖಮ್ಮಂಮೆಟ್ಟು ಆರು. ನಿಮ್ಮದೆಲ್ಲಾ ಉಲ್ಟಾ.

ಜಯತೀರ್ಥ: ನಮ್ಮದು ಸುಲ್ಟಾ. ನಿಮ್ಮದು ಉಲ್ಟಾ. ಹೋಗ್ಲಿ, ಸಾಹೇಬ್ರು ಯಾವ ಕಡಿಂದ ಎಣಸ್ತಾರಂತ ಮೊದಲೇ ಗೊತ್ತಾದ್ರ ಹುಡುಗ್ರಿಗೂ ಅದನ್ನೇ ಹೇಳಸಬಹುದಲ್ಲ?

ಇಮಾಮುದ್ದೀನ್: ಹ್ಯಾಂಗ ಗೊತ್ತಾಗ್ತದ?

ಜಯತೀರ್ಥ: ತಲಿ ನೋಡಬೇಕು. ರುಮಾಲು ಸುತ್ತಿದ್ರ ಎಡಗಡಿಂದ. ತುರ್ಕಿ ಟೋಪಿ ಇದ್ರ ಬಲಗಡಿಂದ.

ಇಮಾಮುದ್ದೀನ್: ವಾಹ್ ಮಾಸ್ತರ್, ವಾಹ್! ಸಾಲಿ ನಡಸ್ಲಿಕ್ಕೆ ವಿದ್ಯಾ ಯಾಕ ಬೇಕು, ಟೋಪಿ ನೋಡೋ ಕಣ್ಣಿದ್ರ ಸಾಕು!

ಅಂತೂ ಬೆಳಗಿನಿಂದ ಇಬ್ಬರೂ ಒಪ್ಪಿದ ಮಾತು ಇದೊಂದೇ. ಅಷ್ಟರಲ್ಲಿ ಹೊರಗೆ ಟಾಂಗಾ ಬಂದು ನಿಂತ ಸದ್ದಾಯಿತು. ಇಬ್ಬರೂ ಬಾಗಿಲಿಗೆ ಓಡಿ, ಒಬ್ಬರ ಹೆಗಲ ಮೇಲಿಂದ ಒಬ್ಬರು ಕತ್ತು ಚಾಚಿ ಸಾಹೇಬರ ತಲೆಯನ್ನು ನೋಡಿದರು.

ತಲೆ ಬೋಳಾಗಿತ್ತು. ರುಮಾಲಿಲ್ಲ, ಟೋಪಿಯಿಲ್ಲ, ಕೂದಲೂ ಇಲ್ಲ. ಆ ತಲೆಯಿಂದ ಎಡವನ್ನಾಗಲಿ ಬಲವನ್ನಾಗಲಿ ತಿಳಿಯುವುದು ಬ್ರಹ್ಮನಿಂದಲೂ ಆಗದ ಮಾತು. ಸಾಹೇಬರು ಚಿಕ್ಕಂದಿನಲ್ಲಿ ರಾಯಚೂರಿನಲ್ಲಿ ಬೆಳೆದವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು, ಬೈಯಲಂತೂ ಬಹಳ ಚೆನ್ನಾಗಿ ಬರುತ್ತಿತ್ತು.

ಜಯತೀರ್ಥ: (ಕೈ ಮುಗಿದು) ಹುಜೂರ್, ತಲಿ ಮ್ಯಾಲ ಟೋಪಿ ಇಲ್ಲ...

ಸಾಹೇಬ: ಮಹಾಗಾಂವದ ಹತ್ರ ಗಾಳಿಗೆ ಹಾರಿ ಹೋತು.

ಜಯತೀರ್ಥ: ಅಯ್ಯಯ್ಯ! ಎಂಥಾ ಟೋಪಿ ಹುಜೂರ್?

ಸಾಹೇಬ: ಹೊಸಾದು.

ಜಯತೀರ್ಥ: ಹಂಗಲ್ಲ ಹುಜೂರ್. ಯಾವ ನಮೂನಿದು? ಕೆಂಪಂದೋ... ಗೊಂಡೇವು ಇದ್ದದ್ದೋ...

ಸಾಹೇಬ: ಮಾಸ್ತರ್, ನಾ ನಿಮ್ಮ ಸಾಲಿ ತಪಾಸ ಮಾಡ್ಲಿಕ್ಕೆ ಬಂದೀನಿ. ನೀವು ನನ್ನ ತಲಿ ತಪಾಸ ಮಾಡ್ಲಿಕತ್ತೀರಿ.

ಮಾಸ್ತರರು ನಾಲಿಗೆ ಕಚ್ಚಿಕೊಂಡರು. ಸಾಹೇಬರು ಒಳಗೆ ಬಂದು ಕುರ್ಚಿಯಲ್ಲಿ ಕೂತು, ಸಾಲಾಗಿ ಕೂತಿದ್ದ ಹುಡುಗರಲ್ಲಿ ಎಲ್ಲರಿಗಿಂತ ಹಿಂದೆ ಬಚ್ಚಿಟ್ಟುಕೊಂಡವನನ್ನೇ ಎಬ್ಬಿಸಿದರು. ಅವನು ಅಣವೀರಪ್ಪ.

ಸಾಹೇಬ: ಕಮಲಾಪುರ ಎಲ್ಲದ ಹೇಳು.

ಅಣವೀರಪ್ಪ: ಇದೇರಿ ಹುಜೂರ್. ನೀವು ಕುಂತೀರಲ್ಲ, ಇದೇ.

ಸಾಹೇಬ: ನಕಾಶಿ ಮ್ಯಾಲೋ!

ಅಣವೀರಪ್ಪ: ನಕಾಶಿ ಮ್ಯಾಲ ಇಲ್ರಿ. ನಕಾಶಿ ತೆಗೆದವ್ರಿಗೆ ನಮ್ಮೂರು ಗೊತ್ತಿಲ್ರಿ.

ಸಾಹೇಬ: ಹೂಂ. ಹಂಗಾದ್ರ ಕಲಬುರಗಿ ಹೇಳು. ಎಷ್ಟನೇ ಖಾನಿ?

ಅಣವೀರಪ್ಪ: ಮುಂಜಾನಿ ಕಲಬುರಗೀನೋ ಹುಜೂರ್, ಮಧ್ಯಾಹ್ನದ್ದೋ?

ಸಾಹೇಬರು ಕುರ್ಚಿಯಲ್ಲೇ ನೆಟ್ಟಗಾದರು. ಮಾಸ್ತರರು ಮಾಡು ನೋಡಿದರು. ಮೌಲ್ವಿಯವರು ನೆಲ ನೋಡಿದರು.

ಸಾಹೇಬ: ಎರಡು ಕಲಬುರಗಿ ಅವೇನು?

ಅಣವೀರಪ್ಪ: ಊರು ಒಂದೇರಿ, ಜಾಗಾ ಎರಡ್ರಿ. ಮಾಸ್ತರು ಎಡಗಡಿಂದ ಎಣಸ್ತಾರ್ರಿ, ಅವರಿಗೆ ಮೂರಂತ ಹೇಳ್ತೀವಿ. ಮೌಲ್ವಿ ಸಾಬ್ರು ಬಲಗಡಿಂದ ಎಣಸ್ತಾರ್ರಿ, ಅವರಿಗೆ ಆರಂತ ಹೇಳ್ತೀವಿ. ಇಬ್ಬರ ಛಡಿನೂ ಬೀಳಂಗಿಲ್ರಿ.

ಸಾಹೇಬ: ಬಹುತ್ ಖೂಬ್! ಕೂಡು. ಈ ಸಾಲ್ಯಾಗ ಬುದ್ಧಿ ಇದ್ದಾಂವ ನೀನೊಬ್ಬನೇ.

ಸಾಹೇಬರು ಮೀಸೆಯಲ್ಲೇ ನಕ್ಕರು. ಆ ನಗು ಎಡಗಡೆಯದನ್ನು ಮೆಚ್ಚಿದ್ದೋ ಬಲಗಡೆಯದನ್ನು ಮೆಚ್ಚಿದ್ದೋ ಮಾಸ್ತರರಿಗೆ ತಿಳಿಯಲಿಲ್ಲ. ಹುಡುಗರನ್ನು ಹೊರಗೆ ಕಳಿಸಿ ಸಾಹೇಬರು ಗಂಟಲು ಸರಿಮಾಡಿಕೊಂಡರು.

ಸಾಹೇಬ: ನಿಮಗಿಬ್ಬರಿಗೂ ಬದ್ಲಿ ಬೇಕಂತ ಗೊತ್ತದ. ಎರಡು ಜಾಗಾ ಖಾಲಿ ಅವ, ಅವೂ ಗೊತ್ತವ. ಕೊಡ್ಲಿಕ್ಕೆ ನನಗೇನೂ ತಕರಾರಿಲ್ಲ. ಆದ್ರ ಊರ ಹೆಸರು ಯಾರೂ ಹೇಳಕೂಡದು. ಹೆಸರು ಟಾಂಗಾ ಹೊಡಿಯಾಂವನೂ ಹೇಳ್ತಾನ. ಯಾವ ಊರು ಬೇಕೋ ಅದರ ಖಾನಿ ಹೇಳ್ರಿ, ಸಾಲು ಹೇಳ್ರಿ. ಸರಿ ಹೇಳಿದ್ರ ಆ ಊರಿಗೆ ಹೋಗ್ರಿ. ಹೇಳ್ಲಿಕ್ಕೆ ಬರಲಿಲ್ಲಂದ್ರ ಮನಿಗೆ ಹೋಗ್ರಿ. ಮೌಲ್ವಿ ಸಾಬ್, ನೀವು ಸ್ವಲ್ಪ ಹೊರಗ ನಿಲ್ರಿ.

ಇಮಾಮುದ್ದೀನರು ಹೊರಗೆ ಹೋಗಿ ಪಡಸಾಲೆಯಲ್ಲಿ ನಿಂತರು. ಜಯತೀರ್ಥ ಮಾಸ್ತರರ ಬಾಯಿಗೆ 'ಮೂರು' ಎಂಬುದು ಬಂದೇಬಿಟ್ಟಿತ್ತು. ಅಲ್ಲೇ ತಡೆದುಕೊಂಡರು. ಎಡಗಡೆ ಎಡಗಡೆ ಎಂದು ಇಷ್ಟು ವರ್ಷ ಕಿರುಚಿ ಏನು ಗಳಿಸಿದೆ? ಸುಟ್ಟ ರೊಟ್ಟಿ. ಸಾಹೇಬರು ಹೈದರಾಬಾದಿನವರು, ಕಚೇರಿಯೆಲ್ಲ ಉರ್ದು, ಕಾಗದವೆಲ್ಲ ಬಲದಿಂದ ಎಡಕ್ಕೆ. ಅಂಥವರು ನಕಾಶೆಯನ್ನು ಮಾತ್ರ ಎಡದಿಂದ ಎಣಿಸುತ್ತಾರೆಯೇ? ಹಟ ನಮಗೆ ಅನ್ನ ಹಾಕುವುದಿಲ್ಲ. ಹಾಕುವವಳು ಬ್ರಹ್ಮಪುರದಲ್ಲಿದ್ದಾಳೆ. ಮೌಲ್ವಿ ಹೇಳಿದ್ದೇ ಸರಿ ಇರಬೇಕು. ಹಾಗೆಂದು ಅವನ ಮುಂದೆ ಒಪ್ಪುವುದೇನೂ ಬೇಡ, ಅವನು ಹೊರಗಿದ್ದಾನಲ್ಲ.

ಜಯತೀರ್ಥ: (ಕಣ್ಣು ಮುಚ್ಚಿ) ಆರನೇ ಖಾನಿ ಹುಜೂರ್. ಐದನೇ ಸಾಲು.

ಸಾಹೇಬ: ಪಕ್ಕಾ?

ಜಯತೀರ್ಥ: ಪಕ್ಕಾ ಹುಜೂರ್. ನನ್ನ ಜೀವ ಅಲ್ಲೇ ಅದ.

ಸಾಹೇಬ: (ಹುಬ್ಬೇರಿಸಿ) ಅಲ್ಲೇನು? ಛಲೋ. ಆ ಮೂಲ್ಯಾಗ ನಿಲ್ರಿ. ಮೌಲ್ವಿ ಸಾಬ್, ಒಳಗ ಬರ್ರಿ. ನಿಮಗ್ಯಾವುದು?

ಇಮಾಮುದ್ದೀನ್: (ಬೆವರು ಒರೆಸಿಕೊಂಡು) ಆರನೇ ಖಾನಿ ಹುಜೂರ್. ಐದನೇ ಸಾಲು.

ಮೂಲೆಯಲ್ಲಿದ್ದ ಮಾಸ್ತರರ ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು. ಮೌಲ್ವಿಯ ಲೆಕ್ಕದ ಆರು ಎಂದರೆ ಕಲಬುರಗಿ! ಮಗಳಂತೆ, ಬಾಣಂತನವಂತೆ, ತಾಯಿಯಿಲ್ಲದ ಕೂಸಂತೆ! ಕಣ್ಣೀರು ತರಿಸಿ, ಕೊನೆಗೆ ನನ್ನ ಕಲಬುರಗಿಗೇ ಕೈ ಹಾಕಿದನಲ್ಲ!

ಜಯತೀರ್ಥ: ಮೌಲ್ವಿ ಸಾಬ್ರ! ಅದು ನಂದು!

ಇಮಾಮುದ್ದೀನ್: ಯಾವುದು ನಿಮ್ಮದು?

ಜಯತೀರ್ಥ: ಆರು! ಆರು ನಾ ಆಗಲೇ ಹೇಳೀನಿ!

ಇಮಾಮುದ್ದೀನ್: ನೀವು ಆರು ಹೇಳಿದ್ರಾ? ತೋಬಾ ತೋಬಾ! ನಿಮಗ ಅಲ್ಲಿ ಯಾರದಾರ ಮಾಸ್ತರ್? ಅಲ್ಲಿ ಇರಾಕಿ ನನ್ನ ಮಗಳು!

ಜಯತೀರ್ಥ: ಅಲ್ಲಿ ಇರಾಕಿ ನನ್ನ ಹೆಂಡ್ತಿ!

ಸಾಹೇಬ: (ಗಾಬರಿಯಾಗಿ) ಏನ್ರಿ ಇದು? ಒಬ್ಬಾಕಿನೋ, ಇಬ್ಬರೋ?

ಜಯತೀರ್ಥ: ಹುಜೂರ್, ಹೆಸರು ಹೇಳ್ತೀನಿ, ಒಂದೇ ಸಲ! ಕ...

ಸಾಹೇಬ: ಹೆಸರು ಹೇಳಿದ್ರ ನೌಕರಿ ಹೋತು!

ಜಯತೀರ್ಥ: (ಬಾಯಿ ಮುಚ್ಚಿಕೊಂಡು) ...ಮುಂಜಾನಿ ಒಂದು ಮಾತು, ಈಗ ಒಂದು ಮಾತು. ಹಿಂಗ ಕುತ್ತಿಗಿ ಕೊಯ್ತಾರೇನ್ರಿ?

ಇಮಾಮುದ್ದೀನ್: ಕೈಕಾಲು ಕಟ್ಟಿ ಒಯ್ದ್ರೂ ಅಲ್ಲಿಗೆ ಹೋಗಾಂವ ಅಲ್ಲ ಅಂದವ್ರು ಯಾರು?

ಜಯತೀರ್ಥ: ಅದು ಅಲ್ಲಿಗೆ ಅಲ್ಲ, ಅಲ್ಲಿಗೆ!

ಸಾಹೇಬ: ಬಸ್! ಸುಮ್ಮನಿರ್ರಿ ಇಬ್ಬರೂ.

ಸಾಹೇಬರು ಎದ್ದು, ಕೈಗಳನ್ನು ಹಿಂದೆ ಕಟ್ಟಿಕೊಂಡು, ನಕಾಶೆಯಿಂದ ದೂರ ನಿಂತರು. ಬಹಳ ದೊಡ್ಡ ನ್ಯಾಯ ಹೇಳುವವರ ಕಳೆ ಮುಖದ ಮೇಲೆ ಬಂದಿತ್ತು.

ಸಾಹೇಬ: ಜಗಳ ಯಾಕ? ಇಬ್ಬರೂ ಆರು ಅಂದೀರಿ ಖರೆ. ಆದ್ರ ಮಾಸ್ತರು ಎಡಗಡಿಂದ ಎಣಸ್ತಾರ, ಮೌಲ್ವಿ ಸಾಬ್ರು ಬಲಗಡಿಂದ. ನಿಮ್ಮ ಹುಡುಗನೇ ಹೇಳಿದ್ನಲ್ಲ? ನಾ ಯಾರ ಪದ್ಧತಿಗೂ ಅಡ್ಡ ಬರಾಂವಲ್ಲ. ಅವರವರ ಲೆಕ್ಕ ಅವರವರಿಗೆ. ಮಾಸ್ತರ್, ನಿಮ್ಮ ಮರ್ಯಾದಿಗೆ ಎಡಗಡಿಂದ ಎಣಸ್ತೀನಿ ನೋಡ್ರಿ. ಒಂದು, ಎರಡು, ಮೂರು...

ಮೂರಕ್ಕೆ ಸಾಹೇಬರ ದೃಷ್ಟಿ ಕಲಬುರಗಿಯ ಮೇಲೆ ಬಂದು, ಒಂದು ಕ್ಷಣ ನಿಂತು, ಮುಂದೆ ಹೋಯಿತು. ಮಾಸ್ತರರ ಪ್ರಾಣವೂ ಅಲ್ಲೇ ಸ್ವಲ್ಪ ನಿಂತು, ಅದರ ಹಿಂದೆಯೇ ಹೋಯಿತು.

ಸಾಹೇಬ: ...ನಾಕು, ಐದು, ಆರು. ಖಮ್ಮಂಮೆಟ್ಟು! ಮುಬಾರಕ್ ಮಾಸ್ತರ್! ಅಷ್ಟು ದೂರ ಹೋಗ್ಲಿಕ್ಕೆ ಯಾರೂ ಒಪ್ಪಿದ್ದಿಲ್ಲ. ನೀವು ಜೀವ ಅಲ್ಲೇ ಅದ ಅಂದ್ರಿ. ಭೇಷ್! ಈಗ ಮೌಲ್ವಿ ಸಾಬ್ರದು. ಬಲಗಡಿಂದ ಒಂದು, ಎರಡು, ಮೂರು, ನಾಕು, ಐದು, ಆರು. ಕಲಬುರಗಿ! ಮುಬಾರಕ್!

ಇಬ್ಬರೂ ಬಾಯಿ ತೆರೆದು ನಿಂತರು.

ಸಾಹೇಬ: ಯಾಕ? ನೀವು ಹೇಳಿದ್ದು ಇದೇ ಊರು ಹೌದಲ್ಲ? ಅಲ್ಲ ಅಂದ್ರ ಈಗೇ ಹೇಳ್ರಿ. ನಕಾಶಿ ಹೇಳ್ಲಿಕ್ಕೆ ಬರೂದಿಲ್ಲ ಅಂತ ಆಗ್ತದ. ಅದಕ್ಕೂ ಒಂದು ಹುಕುಂ ಅದ.

ಜಯತೀರ್ಥ: ಇದೇ ಹೌದು ಹುಜೂರ್.

ಇಮಾಮುದ್ದೀನ್: ಇದಕ್ಕೇ ಕಾಯ್ಕೊಂಡು ಕೂತಿದ್ದೆ ಹುಜೂರ್.

ಸಾಹೇಬರು ಕಮಲಾಪುರದ ಕೆಂಪು ಬಾಳೆಹಣ್ಣು ತಿಂದು, ಸರ್ಕಾರದ ಕೆಲಸ ಚೊಕ್ಕಟವಾಗಿ ಮುಗಿಸಿದ ಸಮಾಧಾನದಲ್ಲಿ ಟಾಂಗಾ ಹತ್ತಿ ಹೋದರು. ಮಾಸ್ತರರಿಬ್ಬರೂ ಶಾಲೆಯ ಮೆಟ್ಟಿಲ ಮೇಲೆ ಕೂತರು.

ಜಯತೀರ್ಥ: ನೀವ್ಯಾಕ ಎಡಗಡಿಂದ ಎಣಸಿದ್ರಿ?

ಇಮಾಮುದ್ದೀನ್: ಸಾಹೇಬ್ರು ಇಂಗ್ಲಿಷ್ ಕಲ್ತವ್ರು. ಖಾನಿ ಗೀನಿ ಎಲ್ಲಾ ಇಂಗ್ಲಿಷ್‌ನವರ ಆಟ. ಅವರು ಎಡಗಡಿಂದ ಬರೀತಾರ. ಮಾಸ್ತರ್ ಹೇಳಿದ್ದೇ ಖರೆ ಇರಬೇಕು ಅನಿಸ್ತು. ನೀವ್ಯಾಕ ಬಲಗಡಿಂದ ಎಣಸಿದ್ರಿ?

ಜಯತೀರ್ಥ: ನೀವು ಹೇಳಿದ್ದೇ ಖರೆ ಇರಬೇಕು ಅನಿಸ್ತು.

ಇಮಾಮುದ್ದೀನ್: ಮುಂಜಾನಿ ಹೇಳಬೇಕಿಲ್ಲೇನು!

ಜಯತೀರ್ಥ: ಮುಂಜಾನಿ ನೀವು ಎದುರಿಗಿದ್ರಿ. ಎದುರಿಗಿದ್ದಾಗ ಹ್ಯಾಂಗ ಒಪ್ಪಬೇಕು?

ಇಮಾಮುದ್ದೀನ್: ಇಷ್ಟು ವರ್ಷದಾಗ ಒಂದು ಸಲ ಒಬ್ಬರ ಮಾತು ಒಬ್ಬರು ಕೇಳಿದ್ವಿ. ನೋಡ್ರಿ ಎಲ್ಲಿಗೆ ಬಂತು. ಇನ್ನ ಮ್ಯಾಲ ಸತ್ರೂ ನಿಮ್ಮ ಮಾತು ಒಪ್ಪೂದಿಲ್ಲ.

ಜಯತೀರ್ಥ: ನಾ ಒಪ್ತೀನೇನು?

ಮೌಲ್ವಿಯವರು ನಗಲು ನೋಡಿದರು, ನಗು ಬರಲಿಲ್ಲ. ಎದ್ದು ಒಳಗೆ ಹೋಗಿ, ಸಾಹೇಬರು ತಿಂದು ಉಳಿದ ಬಾಳೆಹಣ್ಣಿನ ಚಿಪ್ಪೊಂದನ್ನು ತಂದು ಮಾಸ್ತರರ ತೊಡೆಯ ಮೇಲಿಟ್ಟರು.

ಇಮಾಮುದ್ದೀನ್: ನನ್ನ ಮಗಳಿಗೆ ಕೊಡ್ರಿ. ಸಣ್ಣಾಕಿ ಇದ್ದಾಗಿಂದ ಇದರ ಮ್ಯಾಲ ಆಸಿ ಆಕಿಗೆ. ಮೊಮ್ಮಗನೋ ಮೊಮ್ಮಗಳೋ, ನನಗಿಂತ ಮೊದಲ ನೀವು ನೋಡ್ತೀರಿ. ಕಣ್ಣು ತುಂಬ ನೋಡ್ರಿ ಮಾಸ್ತರ್.

ಜಯತೀರ್ಥ ಮಾಸ್ತರರಿಗೆ ಇಂಥವನನ್ನು ಕುತ್ತಿಗೆ ಕೊಯ್ದ ಎಂದೆನಲ್ಲ ಎಂದು ತುಂಬಾ ನಾಚಿಕೆಯಾಯಿತು. ಆದರೂ ಬಾಯಿಂದ ಬಂದದ್ದು ಬೇರೆ.

ಜಯತೀರ್ಥ: ಅಲ್ಲಿಗೆ ಮುಟ್ಟೂದ್ರಾಗ ಕೊಳೀತಾವ.

ಇಮಾಮುದ್ದೀನ್: ಹಂಗಾದ್ರ ದಾರ್‍ಯಾಗ ನೀವೇ ತಿನ್ರಿ. ನಿಮ್ಮ ರೊಟ್ಟಿಗಿಂತ ಛಲೋ ಇರ್ತಾವ.

ಐತವಾರ ಬ್ರಹ್ಮಪುರದ ಮನೆಯ ಹಿತ್ತಲ ಪಡಸಾಲೆಯಲ್ಲಿ ಸರಸ್ವತೀಬಾಯಿ ಗಂಡನಿಗೆ ತಾಟು ಹಾಕಿ ಕೂತಿದ್ದಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಬೆಣ್ಣೆ. ಮಾಸ್ತರರ ಕೈ ಮಾತ್ರ ತುತ್ತಿಗೆ ಹೋಗುತ್ತಿರಲಿಲ್ಲ.

ಸರಸ್ವತೀಬಾಯಿ: ಬದ್ಲಿ ಆತೇನ್ರಿ?

ಜಯತೀರ್ಥ: ಆತು.

ಸರಸ್ವತೀಬಾಯಿ: ಅಗದೀ ಛಲೋ ಆತು! ನಾಳೆ ಹಣಮಪ್ಪಗ ಕಾಯಿ ಒಡಸ್ತೀನಿ. ಯಾವ ಸಾಲಿರಿ, ಶರಣಬಸಪ್ಪನ ಗುಡಿ ಕಡೇದೋ?

ಜಯತೀರ್ಥ: ಅದಕ್ಕಿಂತ ಸ್ವಲ್ಪ ದೂರ.

ಸರಸ್ವತೀಬಾಯಿ: ರೋಜಾ ದರ್ಗಾದ ಕಡೇದಾ?

ಜಯತೀರ್ಥ: ಇನ್ನಾ ಸ್ವಲ್ಪ.

ಸರಸ್ವತೀಬಾಯಿ: ಹಂಗಾದ್ರ ಸ್ಟೇಷನ್ ಹತ್ರ ಇರಬೇಕು.

ಜಯತೀರ್ಥ: ಹಾಂ, ಸ್ಟೇಷನ್ನಿಗೆ ಹೋಗಿ...

ಸರಸ್ವತೀಬಾಯಿ: ಹೋಗಿ?

ಜಯತೀರ್ಥ: ಗಾಡಿ ಹತ್ತಿ...

ಸರಸ್ವತೀಬಾಯಿ: ಗಾಡಿ ಹತ್ತಿ?

ಜಯತೀರ್ಥ: ವಾಡಿಯೊಳಗ ಇಳದು ಮತ್ತೊಂದು ಗಾಡಿ ಹತ್ತಿ, ಹೈದರಾಬಾದ ದಾಟಿ...

ಸರಸ್ವತೀಬಾಯಿ: ಹೈದರಾಬಾದ ದಾಟಿ! ಅದು ಕಲಬುರಗಿ ಸಾಲಿ ಹ್ಯಾಂಗ ಆಗ್ತದ್ರೀ?

ಜಯತೀರ್ಥ: ಕಲಬುರಗಿ ಸಾಲಿನಾಗೇ ಅದ. ಐದನೇ ಸಾಲು. ಸುಳ್ಳು ಹೇಳೂದಿಲ್ಲ.

ಆಮೇಲೆ ಮಾಸ್ತರರು ಎಲ್ಲವನ್ನೂ ಹೇಳಿದರು: ಗೆದ್ದಲು, ಎಡ, ಬಲ, ಆರು, ಸಾಹೇಬರ ಬೋಳು ತಲೆ. ಹೇಳಿ ಮುಗಿಸಿ, ತಾಟಿನ ಉಪ್ಪು ನೋಡುತ್ತಾ ಬೈಗುಳಕ್ಕೆ ತಲೆಯೊಡ್ಡಿ ಕೂತರು. ಬೈಗುಳ ಬರಲಿಲ್ಲ.

ಸರಸ್ವತೀಬಾಯಿ: ಅಲ್ಲಿಂದ ಐತವಾರಕ್ಕೊಮ್ಮೆ ಬರ್ಲಿಕ್ಕೆ ಆಗ್ತದೇನ್ರಿ?

ಜಯತೀರ್ಥ: ಎಲ್ಲಿ ಐತವಾರ! ದೀಪಾವಳಿಗೊಮ್ಮೆ ಬಂದ್ರ ಪುಣ್ಯ.

ಸರಸ್ವತೀಬಾಯಿ: ಅಲ್ಲಿ ರೊಟ್ಟಿ ಯಾರು ಮಾಡ್ತಾರ?

ಜಯತೀರ್ಥ: ಯಾರು ಮಾಡ್ತಾರ? ನಾನೇ.

ಸರಸ್ವತೀಬಾಯಿ ಗಂಡನ ಕೈ ಹಿಡಿದು ತಿರುವಿ ನೋಡಿದಳು. ಹಂಚಿನ ಹಳೆಯ ಬರೆಯ ಮೇಲೆ ಹೊಸದೊಂದು ಬರೆ ಇತ್ತು. ಅವಳು ಎದ್ದು ಹೋಗಿ, ಒಳಗಿನ ಅಟ್ಟದ ಮೇಲಿಂದ ಧಡಧಡ ಸದ್ದು ಮಾಡುತ್ತಾ ಹಿತ್ತಾಳೆ ಪಾತ್ರೆಗಳನ್ನು ಇಳಿಸತೊಡಗಿದಳು.

ಜಯತೀರ್ಥ: ಏನ ಮಾಡ್ಲಿಕತ್ತಿ?

ಸರಸ್ವತೀಬಾಯಿ: ಕಾಣ್ಸೂದಿಲ್ಲೇನು? ಭಾಂಡಿ ಕಟ್ಲಿಕತ್ತೀನಿ. ಕಮಲಾಪುರ ಮಗ್ಗಲಾಗಿತ್ತು, ವಾರ ವಾರ ಬರ್ತಿದ್ರಿ, ನಾ ಬರೂ ಜರೂರ ಇರಲಿಲ್ಲ. ವರ್ಷಕ್ಕೊಮ್ಮೆ ದೀಪಾವಳಿಗೆ ಮಾರಿ ತೋರಸೋ ಗಂಡನ್ನ ಕಟಗೊಂಡು ನಾ ಇಲ್ಲಿ ಕೂತು ಏನ ಮಾಡ್ಲಿ? ನಾನೂ ಬರ್ತೀನಿ.

ಮಾಸ್ತರರ ಕಣ್ಣಲ್ಲಿ ನೀರೇ ಬಂತು. ರೊಟ್ಟಿ ಮುರಿದು ದೊಡ್ಡದೊಂದು ತುತ್ತು ಬಾಯಿಗಿಟ್ಟುಕೊಂಡರು.

ಜಯತೀರ್ಥ: ಅಲ್ಲಾ... ದೂರ ಹೋದ್ರ ನೀ ಬರ್ತೀ ಅಂತ ಮೊದಲೇ ಹೇಳಿದ್ರ, ನಾ ಯಾವಾಗೋ ಆರನೇ ಖಾನಿ ಕೇಳ್ತಿದ್ನಲ್ಲ!

ಸರಸ್ವತೀಬಾಯಿ: ನೀವು ಕೇಳಿದ್ರ ಕಲಬುರಗಿಗೆ ಹಾಕ್ತಿದ್ರು. ಮಾತು ಬೆಳಸಬ್ಯಾಡ್ರಿ, ಉಣ್ರಿ. ಹಾಂ, ಇನ್ನೊಂದು. ಸ್ಟೇಷನ್ನಿನಾಗ ಟಿಕೀಟು ನಾ ತಗೋತೀನಿ. ನೀವು ಟ್ರಂಕಿನ ಮ್ಯಾಲ ಬಾಯಿ ಮುಚಗೊಂಡು ಕೂಡಬೇಕು.

ಜಯತೀರ್ಥ: ಯಾಕ? ಅಷ್ಟೂ ಬರೂದಿಲ್ಲೇನು ನನಗ?

ಸರಸ್ವತೀಬಾಯಿ: ನಿಮಗ ಬರ್ತದ್ರೀ. ಟಿಕೀಟು ಕೊಡಾಂವನೂ ನಿಮ್ಮ ಸಾಹೇಬ್ರಂಥ ಮರ್ಯಾದಸ್ಥ ಇದ್ರ? ನಿಮ್ಮ ಲೆಕ್ಕ ನಿಮಗ ಅಂತ ಮುಂಬೈ ಗಾಡಿ ಹತ್ತಿಸ್ಯಾನು!